ಅಭಾವವೆಂಬ ಕಾರಣ: ದ್ವೀಪಜೀವನದ ಅಧ್ಯಯನ ಬೆಳೆದು ಬಂದ ಬಗೆ

ಪೀಠಿಕೆ

ಕಡಲು ಸುತ್ತುವರಿದ ಸಣ್ಣ ನೆಲದಲ್ಲಿ ಅನೇಕ ತಲೆಮಾರುಗಳ ಕಾಲ ಬಾಳಿದ ಪ್ರಾಣಿಯು, ಅದೇ ವಂಶಕ್ಕೆ ಸೇರಿ ಮುಖ್ಯಭೂಮಿಯಲ್ಲಿ ಉಳಿದ ತನ್ನ ಜ್ಞಾತಿಗಳಿಗಿಂತ ದೇಹದ ಅಳತೆಯಲ್ಲಿ, ಸಂಖ್ಯೆಯ ಸಾಂದ್ರತೆಯಲ್ಲಿ, ಆಹಾರದ ಆಯ್ಕೆಯಲ್ಲಿ, ಕಡೆಗೆ ಭಯ ನಿರ್ಭಯಗಳ ಸ್ವಭಾವದಲ್ಲಿಯೂ ಭಿನ್ನವಾಗುವುದೆಂಬುದು ಇಂದು ಜೀವವಿಜ್ಞಾನಿಗಳು ಒಪ್ಪಿರುವ ಸಂಗತಿಯಾಗಿದೆ. ಆದರೆ ಈ ಭಿನ್ನತೆಗೆ ಕಾರಣವೇನೆಂಬ ವಿಷಯದಲ್ಲಿ ವಿದ್ವಾಂಸರ ವಿಚಾರವು ಎರಡೂವರೆ ಶತಮಾನಗಳ ಅವಧಿಯಲ್ಲಿ ಹಲವು ತಿರುವುಗಳನ್ನು ಹಾದುಬಂದಿದೆ; ಒಂದು ಕಾಲದಲ್ಲಿ ದ್ವೀಪದ ವಾಯುಗುಣಕ್ಕೂ ಮಣ್ಣಿಗೂ ಆರೋಪಿಸಿದ ಕಾರಣತ್ವವನ್ನು ಮತ್ತೊಂದು ಕಾಲದಲ್ಲಿ ದೂರಕ್ಕೂ, ಇನ್ನೊಂದು ಕಾಲದಲ್ಲಿ ವಿಸ್ತೀರ್ಣಕ್ಕೂ ಆರೋಪಿಸಿದುದುಂಟು. ಆ ತಿರುವುಗಳನ್ನು ಗುರುತಿಸಿ, ಅವೆಲ್ಲವುಗಳ ಹಿಂದೆ ಹರಿದುಬಂದಿರುವ ಒಂದು ಸೂತ್ರವನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ದ್ವೀಪದ ಜೀವನವನ್ನು ರೂಪಿಸುವ ಶಕ್ತಿಗಳಲ್ಲಿ, ಅಲ್ಲಿ ಇರುವ ವಸ್ತುಗಳಿಗಿಂತ ಅಲ್ಲಿ ಇಲ್ಲದಿರುವ ಜೀವಿಗಳ ಪಾತ್ರವು ಹಿರಿದು ಎಂಬುದೇ ಆ ಸೂತ್ರ. ಬೇಟೆಯಾಡುವ ಮೃಗವಿಲ್ಲ, ಅದೇ ಕಾಳಿಗೆ ಬಾಯಿಡುವ ಎದುರಾಳಿಯಿಲ್ಲ, ನೆಲದ ಮೇಲಿನ ಹುಳುವನ್ನು ಕೆದಕಿ ತಿನ್ನುವ ಇಲಿ ಮೂಗಿಲಿಗಳಿಲ್ಲ. ಈ ಇಲ್ಲಗಳೆಲ್ಲ ಒಟ್ಟುಗೂಡಿ, ಹೇಗೋ ಬಂದು ಸೇರಿದ ಕೆಲವೇ ಜೀವಿಗಳ ಬಾಳನ್ನು ಹೊಸ ದಾರಿಗೆ ತಿರುಗಿಸುತ್ತವೆ. ಅಭಾವವನ್ನು ಏಳನೆಯ ಪದಾರ್ಥವಾಗಿ ಎಣಿಸಿದ ವೈಶೇಷಿಕರಿಗೂ, ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಸಾಧಿಸಿದ ಭಾಟ್ಟ ಮೀಮಾಂಸಕರಿಗೂ ಇಂತಹ ವಿಚಾರಸರಣಿಯು ವಿಚಿತ್ರವಾಗಿ ತೋರುತ್ತಿರಲಿಲ್ಲ. ಆದರೆ ನಮ್ಮ ದಾರ್ಶನಿಕರು ಇದಕ್ಕೊಂದು ನಿಬಂಧನೆಯನ್ನೂ ವಿಧಿಸಿದ್ದರು: ವಸ್ತುವು ಇದ್ದಿದ್ದರೆ ಅದು ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆಯಿರುವಲ್ಲಿ ಮಾತ್ರ, ಕಾಣದಿರುವುದು ಅಭಾವಕ್ಕೆ ಪ್ರಮಾಣವಾಗುವುದು. ದ್ವೀಪಗಳ ಅಧ್ಯಯನದ ಇತಿಹಾಸದಲ್ಲಿ ಈ ನಿಬಂಧನೆಯನ್ನು ಅರಿತೋ ಅರಿಯದೆಯೋ ಪಾಲಿಸಿದ ವಾದಗಳು ನಿಂತುವು. ಪಾಲಿಸದ ವಾದಗಳು ಬಿದ್ದುಹೋದುವು.

ಬಂದವುಗಳ ಲೆಕ್ಕ

ಕ್ಯಾಪ್ಟನ್ ಕುಕ್ಕನ ಎರಡನೆಯ ಸಮುದ್ರಯಾನದಲ್ಲಿ, ಎಂದರೆ 1772ರಿಂದ 1775ರವರೆಗೆ, ಪ್ರಕೃತಿವಿಜ್ಞಾನಿಯಾಗಿ ಜೊತೆಗೂಡಿದ್ದ ಯೋಹಾನ್ ರೈನ್‌ಹೋಲ್ಡ್ ಫಾರ್‌ಸ್ಟರನು 1778ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ದ್ವೀಪದ ಸುತ್ತಳತೆ ಹೆಚ್ಚಿದಂತೆ ಅಲ್ಲಿ ದೊರೆಯುವ ಪ್ರಭೇದಗಳ ಸಂಖ್ಯೆಯೂ ಹೆಚ್ಚುತ್ತದೆಂದು ಬರೆದನು. ಮುಂದೆ ಇಡೀ ಶಾಸ್ತ್ರವೊಂದಕ್ಕೆ ತಳಹದಿಯಾಗಲಿದ್ದ ಈ ಮಾತಿಗೆ ಆಗ ಯಾರೂ ವಿಶೇಷ ಗಮನ ಕೊಡಲಿಲ್ಲ. 1815ರಲ್ಲಿ ಕೆನರಿ ದ್ವೀಪಗಳಲ್ಲಿ ಸಂಚರಿಸಿದ ಜರ್ಮನ್ ಭೂವಿಜ್ಞಾನಿ ಲಿಯೋಪೋಲ್ಡ್ ಫಾನ್ ಬುಕ್ಕನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತನ್ನ ಬಳಗದಿಂದ ಬಹುಕಾಲ ಬೇರ್ಪಟ್ಟು ಉಳಿದ ಜೀವಿಯ ಬಗೆಯು ಕ್ರಮೇಣ ಸ್ಥಿರವಾದ ಪ್ರತ್ಯೇಕ ಪ್ರಭೇದವೇ ಆಗಬಹುದೆಂದು ಸೂಚಿಸಿದನು. ಹೀಗೆ ವಿಸ್ತೀರ್ಣ, ಪ್ರತ್ಯೇಕತೆ ಎಂಬ ಎರಡು ಮುಖ್ಯ ಅಂಶಗಳು ಡಾರ್ವಿನನು ಹಡಗು ಹತ್ತುವ ಮೊದಲೇ ಮಂಡಿತವಾಗಿದ್ದುವು.

ಚಾರ್ಲ್ಸ್ ಡಾರ್ವಿನನು ಬೀಗಲ್ ಹಡಗಿನಲ್ಲಿ ಗಲಾಪಗಸ್ ದ್ವೀಪಸ್ತೋಮವನ್ನು ತಲಪಿದ್ದು 1835ರ ಸೆಪ್ಟೆಂಬರಿನಲ್ಲಿ. ಅಲ್ಲಿ ಅವನು ಕಳೆದುದು ಐದು ವಾರಗಳು ಮಾತ್ರ. ಅವನ ಹೆಸರಿನಿಂದಲೇ ಮುಂದೆ ಪ್ರಸಿದ್ಧವಾದ ಫಿಂಚ್ ಹಕ್ಕಿಗಳ ಮಹತ್ತ್ವವು ಆಗ ಅವನಿಗೆ ಹೊಳೆದಿರಲಿಲ್ಲ; ಯಾವ ಹಕ್ಕಿಯನ್ನು ಯಾವ ದ್ವೀಪದಲ್ಲಿ ಹಿಡಿದದ್ದೆಂಬುದನ್ನು ಕೂಡ ಅವನು ಬಹುಮಟ್ಟಿಗೆ ಗುರುತುಹಾಕಿ ಇಟ್ಟಿರಲಿಲ್ಲ. ಅವನ ಗಮನವನ್ನು ಸೆಳೆದುವು ದ್ವೀಪದಿಂದ ದ್ವೀಪಕ್ಕೆ ಭಿನ್ನವಾಗಿದ್ದ ಅಣಕುಹಕ್ಕಿಗಳು, ಮತ್ತು ಚಿಪ್ಪನ್ನು ನೋಡಿ ಆಮೆಯ ದ್ವೀಪವನ್ನು ಹೇಳಬಲ್ಲೆನೆಂದ ಅಲ್ಲಿನ ಅಧಿಕಾರಿ ಲಾಸನ್ನನ ಮಾತು. 1837ರ ಜನವರಿಯಲ್ಲಿ ಲಂಡನ್ನಿನ ಪಕ್ಷಿತಜ್ಞ ಜಾನ್ ಗೂಲ್ಡನು, ಕೊಕ್ಕಿನಲ್ಲಿ ಅಷ್ಟೊಂದು ಭೇದವುಳ್ಳ ಆ ಹಕ್ಕಿಗಳೆಲ್ಲ ಪರಸ್ಪರ ಹತ್ತಿರದ ಸಂಬಂಧಿಗಳೆಂದೂ ಬೇರೆ ಬೇರೆ ಪ್ರಭೇದಗಳೆಂದೂ ನಿರ್ಣಯಿಸಿದ ಮೇಲೆಯೇ ವಿಷಯದ ಗಾಂಭೀರ್ಯವು ಡಾರ್ವಿನನಿಗೆ ಸ್ಪಷ್ಟವಾಯಿತು.

ಆದರೆ 1859ರ ಅವನ ಮಹಾಗ್ರಂಥದಲ್ಲಿ ದ್ವೀಪಗಳನ್ನು ಕುರಿತ ವಾದದ ಜೀವಾಳವು ಫಿಂಚ್ ಹಕ್ಕಿಗಳಲ್ಲಿಲ್ಲ, ಕಪ್ಪೆಗಳಲ್ಲಿದೆ. ಸಾಗರಮಧ್ಯದ ದ್ವೀಪಗಳಲ್ಲಿ ಕಪ್ಪೆಗಳಿಲ್ಲ, ಬಾವಲಿಯೊಂದನ್ನು ಬಿಟ್ಟು ನೆಲದ ಸ್ತನಿಗಳಿಲ್ಲ. ಆದರೆ ಮನುಷ್ಯನು ಕಪ್ಪೆಯನ್ನು ಕೊಂಡೊಯ್ದು ಬಿಟ್ಟ ಮದೇರಾ, ಅಜೋರ್ಸ್, ಮಾರಿಷಸ್‌ಗಳಲ್ಲಿ ಅವು ಉಪದ್ರವವಾಗುವಷ್ಟು ಹೆಚ್ಚಿಕೊಂಡಿವೆ. ಆದುದರಿಂದ ಕಪ್ಪೆಯಿಲ್ಲದಿರುವುದು ನೀರುನೆಲಗಳ ಕೊರತೆಯಿಂದಲ್ಲ. ಉಪ್ಪುನೀರನ್ನು ತಾಳಲಾರದ ಜೀವಿಯು ಅಷ್ಟು ದೂರವನ್ನು ದಾಟಲಾರದೆ ಹೋದುದರಿಂದ ಎಂದು ಡಾರ್ವಿನನು ವಾದಿಸಿದನು. ದಾರ್ಶನಿಕರು ಹೇಳಿದ ಯೋಗ್ಯತೆಯ ನಿಬಂಧನೆ ಇಲ್ಲಿ ಪೂರ್ಣವಾಗಿ ಪಾಲಿತವಾಗಿದೆಯೆಂಬುದನ್ನು ಓದುಗರು ಗಮನಿಸಬೇಕು: ಇರಬಹುದಾಗಿದ್ದೂ ಇಲ್ಲದಿರುವ ಜೀವಿಯ ಅಭಾವವು ಮಾತ್ರ ಇಲ್ಲಿ ಸಾಕ್ಷ್ಯವಾಗಿ ನಿಂತಿದೆ. ಅದೇ ಗ್ರಂಥದಲ್ಲಿ ವೊಲಾಸ್ಟನ್ನನು ಮದೇರಾದಲ್ಲಿ ಸಂಗ್ರಹಿಸಿದ 550 ಪ್ರಭೇದದ ಜೀರುಂಡೆಗಳ ಪೈಕಿ 200 ಪ್ರಭೇದಗಳು ಹಾರಲಾರದಷ್ಟು ರೆಕ್ಕೆಗುಂದಿದವುಗಳೆಂಬ ಮಾತು ಬರುತ್ತದೆ. ಹಾರಿದ ಹುಳು ಗಾಳಿಗೆ ಸಿಕ್ಕಿ ಕಡಲಪಾಲಾಗುವುದು, ಕೂತುಳಿದ ಹುಳು ಸಂತತಿಯನ್ನು ಬಿಡುವುದು ಎಂಬ ಡಾರ್ವಿನನ ವಿವರಣೆಯನ್ನು ಅನೇಕರು ಸಂಶಯದಿಂದ ಕಂಡಿದ್ದರು. ದಕ್ಷಿಣ ಸಾಗರದ ದ್ವೀಪಗಳ ಕೀಟಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಗಾಳಿಯ ಪಾತ್ರಕ್ಕೆ ಮತ್ತೆ ಬಲವಾದ ಬೆಂಬಲವನ್ನಿತ್ತಿದೆ.

ಆಲ್‌ಫ್ರೆಡ್ ರಸೆಲ್ ವಾಲೇಸನು 1854ರಿಂದ 1862ರವರೆಗೆ ಮಲಯ ದ್ವೀಪಸಮೂಹದಲ್ಲಿ ಅಲೆದಾಡಿ, ಬಾಲಿ ಲೋಂಬೋಕ್‌ಗಳ ನಡುವಣ ಕಿರಿದಾದ ಜಲಸಂಧಿಯೊಂದು ಏಷ್ಯದ ಪ್ರಾಣಿಲೋಕವನ್ನು ಆಸ್ಟ್ರೇಲಿಯದ ಪ್ರಾಣಿಲೋಕದಿಂದ ಬೇರ್ಪಡಿಸುವುದನ್ನು ಕಂಡನು. ಬಾಲಿಯಲ್ಲಿ ಕುಟ್ರಹಕ್ಕಿ ಮರಕುಟಿಗಗಳು ಕೂಗಿದರೆ, ಲೋಂಬೋಕಿನಲ್ಲಿ ಕಾಕಟೂ ಗಿಳಿಗಳು ಎದುರಾದುವು. 1880ರಲ್ಲಿ ಪ್ರಕಟವಾದ ದ್ವೀಪಜೀವನವನ್ನು ಕುರಿತ ತನ್ನ ಗ್ರಂಥದಲ್ಲಿ ಅವನು, ಒಂದು ಕಾಲದಲ್ಲಿ ಖಂಡಕ್ಕೆ ಅಂಟಿಕೊಂಡಿದ್ದು ಬೇರ್ಪಟ್ಟ ದ್ವೀಪಗಳನ್ನೂ, ಎಂದೂ ಖಂಡದ ಸಂಪರ್ಕವಿಲ್ಲದೆ ಸಮುದ್ರದ ತಳದಿಂದ ಎದ್ದ ದ್ವೀಪಗಳನ್ನೂ ವಿಭಾಗಿಸಿದನು. ಮೊದಲನೆಯವು ತುಂಬಿದ ಮನೆಯನ್ನು ಕಳೆದುಕೊಳ್ಳುತ್ತ ಬಂದವು. ಎರಡನೆಯವು ಬರಿದಾದ ನೆಲದಿಂದ ಆರಂಭಿಸಿದವು. ಈ ವಿಭಾಗವು ಇಂದಿಗೂ ಮಾನ್ಯವಾಗಿದೆ. ಬರಿನೆಲವು ತುಂಬುವ ಬಗೆಯನ್ನು ಕಣ್ಣಾರೆ ಕಾಣುವ ಅವಕಾಶವು ಮೂರೇ ವರ್ಷಗಳಲ್ಲಿ ದೊರೆಯಿತು: 1883ರ ಆಗಸ್ಟಿನಲ್ಲಿ ಕ್ರಕಟೋವ ಜ್ವಾಲಾಮುಖಿಯು ಸಿಡಿದು ದ್ವೀಪದ ಜೀವರಾಶಿಯನ್ನು ಬೂದಿಯಲ್ಲಿ ಹೂತ ಮೇಲೆ, ಮರುವರ್ಷ ಅಲ್ಲಿಗೆ ಹೋದ ಫ್ರೆಂಚ್ ಯಾತ್ರಿಕ ಎಡ್ಮಂಡ್ ಕೊಟ್ಟೋನಿಗೆ ಕಂಡ ಏಕೈಕ ಪ್ರಾಣಿಯೆಂದರೆ ಬಲೆ ನೇಯುತ್ತಿದ್ದ ಒಂದು ಸಣ್ಣ ಜೇಡ.

ನೆಲೆಯ ಕಲ್ಪನೆ

ಹತ್ತೊಂಬತ್ತನೆಯ ಶತಮಾನದ ಪಂಡಿತರು ದ್ವೀಪಕ್ಕೆ ಯಾವ ಜೀವಿ ಹೇಗೆ ಬಂದಿತೆಂಬುದನ್ನು ಸೂಕ್ಷ್ಮವಾಗಿ ಶೋಧಿಸಿದರು. ಬಂದ ಜೀವಿಯು ಅಲ್ಲಿ ಏನು ಮಾಡಿತೆಂಬುದನ್ನು ಕೇಳಲು ಬೇಕಾದ ಪರಿಕಲ್ಪನೆಯು ಅವರ ಬಳಿ ಇರಲಿಲ್ಲ. ಅದು ರೂಪುಗೊಂಡುದು ಇಪ್ಪತ್ತನೆಯ ಶತಮಾನದಲ್ಲಿ. 1917ರಲ್ಲಿ ಕ್ಯಾಲಿಫೋರ್ನಿಯದ ಜೋಸೆಫ್ ಗ್ರಿನೆಲ್ ಅವರೂ 1927ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ ಅವರೂ, ಪ್ರತಿಯೊಂದು ಪ್ರಾಣಿಗೂ ಪ್ರಕೃತಿಯಲ್ಲಿ ತನ್ನದೇ ಆದ ನೆಲೆಯೊಂದುಂಟು ಎಂಬ ಭಾವನೆಯನ್ನು ಬೇರೆ ಬೇರೆ ಮುಖಗಳಿಂದ ಪ್ರತಿಪಾದಿಸಿದರು. ಆ ನೆಲೆಯೆಂದರೆ ಬರಿಯ ವಾಸಸ್ಥಳವಲ್ಲ. ಯಾವ ಆಹಾರವನ್ನು ಯಾವ ಹೊತ್ತಿನಲ್ಲಿ ಯಾವ ಕ್ರಮದಿಂದ ಪಡೆಯುವುದು, ಯಾರಿಗೆ ತಾನು ಆಹಾರವಾಗುವುದು ಎಂಬುದೆಲ್ಲವನ್ನೂ ಒಳಗೊಂಡ ಜೀವನವೃತ್ತಿ. 1934ರಲ್ಲಿ ರಷ್ಯದ ಗಾಸ್ ಅವರು ಸೂಕ್ಷ್ಮಜೀವಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಒಂದೇ ನೆಲೆಯನ್ನು ಬಯಸುವ ಎರಡು ಪ್ರಭೇದಗಳು ಬಹುಕಾಲ ಒಟ್ಟಿಗೆ ಬಾಳಲಾರವೆಂಬ ತತ್ತ್ವವು ದೃಢವಾಯಿತು. 1957ರಲ್ಲಿ ಹಚಿನ್‌ಸನ್ ಅವರು ಇದಕ್ಕೆ ಗಣಿತದ ರೂಪವನ್ನು ಕೊಟ್ಟು, ಜೀವಿಯು ಎದುರಾಳಿಯಿಲ್ಲದಿದ್ದರೆ ವ್ಯಾಪಿಸಬಲ್ಲ ಮೂಲನೆಲೆಯನ್ನೂ, ಎದುರಾಳಿಗಳ ನಡುವೆ ಅದಕ್ಕೆ ದಕ್ಕುವ ವಾಸ್ತವ ನೆಲೆಯನ್ನೂ ವಿಂಗಡಿಸಿದರು. ದ್ವೀಪಗಳ ರಹಸ್ಯಕ್ಕೆ ಕೀಲಿಕೈ ಈ ವಿಂಗಡಣೆಯಲ್ಲಿಯೇ ಇತ್ತು: ಎದುರಾಳಿಗಳು ಕಡಮೆಯಾದಂತೆ ವಾಸ್ತವ ನೆಲೆಯು ಮೂಲನೆಲೆಯತ್ತ ವಿಸ್ತರಿಸಬೇಕು.

ಈ ತತ್ತ್ವವನ್ನು ದ್ವೀಪಗಳಿಗೆ ಅನ್ವಯಿಸಿದವರಲ್ಲಿ ಡೇವಿಡ್ ಲ್ಯಾಕ್ ಅವರು ಪ್ರಮುಖರು. 1938ರಲ್ಲಿ ಗಲಾಪಗಸ್‌ಗೆ ತೆರಳಿ ಫಿಂಚ್ ಹಕ್ಕಿಗಳನ್ನು ಅಭ್ಯಸಿಸಿದ ಅವರು ಮೊದಲು, ಕೊಕ್ಕಿನ ಭೇದಗಳು ಹಕ್ಕಿಗಳು ತಮ್ಮ ಜಾತಿಯ ಸಂಗಾತಿಯನ್ನು ಗುರುತಿಸಲು ನೆರವಾಗುವ ಚಿಹ್ನೆಗಳೆಂದು ಭಾವಿಸಿದ್ದರು. ಆದರೆ ತಾವೇ ಅಳೆದು ತಂದ ಅಂಕಿಗಳನ್ನು ಮತ್ತೆ ಪರಾಮರ್ಶಿಸಿದಾಗ ಬೇರೊಂದು ವ್ಯವಸ್ಥೆ ಅವರಿಗೆ ಕಾಣಿಸಿತು. ನೆಲದ ಮೇಲೆ ಕಾಳು ಹೆಕ್ಕುವ ಫಿಂಚ್‌ಗಳಲ್ಲಿ ಸಣ್ಣದು, ಮಧ್ಯಮ ಎಂಬ ಎರಡು ಪ್ರಭೇದಗಳು ಒಟ್ಟಿಗಿರುವ ದ್ವೀಪಗಳಲ್ಲಿ ಅವುಗಳ ಕೊಕ್ಕಿನ ಅಳತೆಗಳು ಸ್ಪಷ್ಟವಾಗಿ ದೂರ ನಿಂತಿರುತ್ತವೆ. ಸಣ್ಣ ಫಿಂಚ್ ನೆಲೆಸಿಲ್ಲದ ಡಾಫ್ನಿ ದ್ವೀಪದಲ್ಲಿ ಮಧ್ಯಮ ಫಿಂಚಿನ ಕೊಕ್ಕು ಕಿರಿದಾಗಿದೆ. ಮಧ್ಯಮ ಫಿಂಚ್ ಇಲ್ಲದ ಕ್ರಾಸ್‌ಮನ್ ದ್ವೀಪದಲ್ಲಿ ಸಣ್ಣ ಫಿಂಚಿನ ಕೊಕ್ಕು ಹಿರಿದಾಗಿದೆ. ಒಂದು ಹಕ್ಕಿಯ ಕೊಕ್ಕಿನ ಆಕಾರಕ್ಕೆ ಅಲ್ಲಿಲ್ಲದ ಇನ್ನೊಂದು ಹಕ್ಕಿಯೇ ಕಾರಣವೆಂಬ ಈ ನಿರ್ಣಯವು ಅವರ 1947ರ ಗ್ರಂಥದಲ್ಲಿ ಪ್ರಕಟವಾಯಿತು. ತಮ್ಮ ಹಿಂದಿನ ಅಭಿಪ್ರಾಯವನ್ನು ಸಾಕ್ಷ್ಯದ ಮುಂದೆ ಬಿಟ್ಟುಕೊಟ್ಟ ಲ್ಯಾಕ್ ಅವರ ನಡೆಯು ವಿದ್ವತ್ಪರಂಪರೆಗೆ ಭೂಷಣವಾದುದು.

ಉಳಿವಿನ ಗಣಿತ

ದ್ವೀಪವೊಂದು ಎಷ್ಟು ಪ್ರಭೇದಗಳನ್ನು ಧರಿಸಬಲ್ಲದು ಎಂಬ ಫಾರ್‌ಸ್ಟರನ ಹಳೆಯ ಪ್ರಶ್ನೆಗೆ ಗಣಿತದ ಉತ್ತರವನ್ನು ಒದಗಿಸಿದವರು ರಾಬರ್ಟ್ ಮೆಕಾರ್ಥರ್ ಮತ್ತು ಎಡ್ವರ್ಡ್ ವಿಲ್ಸನ್. ಮೆಲನೇಷ್ಯದ ಇರುವೆಗಳನ್ನು ಅಭ್ಯಸಿಸಿದ್ದ ವಿಲ್ಸನ್ ಅವರೂ, ಹಚಿನ್‌ಸನ್ನರ ಶಿಷ್ಯರಾದ ಮೆಕಾರ್ಥರ್ ಅವರೂ ಕೂಡಿ 1963ರಲ್ಲಿ ಪ್ರಬಂಧವಾಗಿಯೂ 1967ರಲ್ಲಿ ಗ್ರಂಥವಾಗಿಯೂ ಪ್ರಕಟಿಸಿದ ಸಿದ್ಧಾಂತದ ಸಾರವು ಸರಳವಾಗಿದೆ. ಕಾಲುವೆಯಿಂದ ನೀರು ಬರುತ್ತಿದ್ದರೂ ಕೋಡಿಯಿಂದ ನೀರು ಹೋಗುತ್ತಿದ್ದರೂ ಕೆರೆಯ ಮಟ್ಟವು ಹೇಗೆ ಒಂದು ಅಳತೆಗೆ ನಿಲ್ಲುವುದೋ, ಹಾಗೆ ಹೊಸ ಪ್ರಭೇದಗಳ ಆಗಮನವೂ ಇದ್ದವುಗಳ ಅಳಿವೂ ಸಮವಾದಾಗ ದ್ವೀಪದ ಪ್ರಭೇದಸಂಖ್ಯೆಯು ಒಂದು ಮಟ್ಟಕ್ಕೆ ನಿಲ್ಲುತ್ತದೆ. ದೂರವು ಹೆಚ್ಚಿದರೆ ಆಗಮನವು ಕುಗ್ಗುತ್ತದೆ, ವಿಸ್ತೀರ್ಣವು ಕುಗ್ಗಿದರೆ ಅಳಿವು ಹೆಚ್ಚುತ್ತದೆ. ವಿಸ್ತೀರ್ಣವು ಹತ್ತು ಪಟ್ಟಾದರೆ ಪ್ರಭೇದಗಳು ಸುಮಾರು ಎರಡು ಪಟ್ಟಾಗುವುವೆಂಬ ಸ್ಥೂಲ ನಿಯಮವನ್ನು ಈ ಸಿದ್ಧಾಂತವು ವಿವರಿಸಿತು. ನ್ಯಾಯದೃಷ್ಟಿಯಿಂದ ಇಲ್ಲಿ ಇನ್ನೊಬ್ಬರನ್ನೂ ಸ್ಮರಿಸಬೇಕು: ವೆಸ್ಟ್ ಇಂಡೀಸ್‌ನ ಚಿಟ್ಟೆಗಳನ್ನು ಕುರಿತು 1948ರಲ್ಲಿ ಬರೆದ ತಮ್ಮ ಸಂಶೋಧನ ಪ್ರಬಂಧದಲ್ಲಿ ಯೂಜಿನ್ ಮನ್ರೋ ಅವರು ಇದೇ ಸಮತೋಲದ ಕಲ್ಪನೆಯನ್ನು ಸ್ವತಂತ್ರವಾಗಿ ಮುಂದಿಟ್ಟಿದ್ದರು, ಅದು ದೀರ್ಘಕಾಲ ಯಾರ ಕಣ್ಣಿಗೂ ಬೀಳದೆ ಉಳಿಯಿತು.

ಸಿದ್ಧಾಂತದ ಪರೀಕ್ಷೆಯೂ ಅಷ್ಟೇ ಸಾಹಸದ್ದಾಗಿತ್ತು. ಫ್ಲಾರಿಡದ ಕರಾವಳಿಯಲ್ಲಿ, ನಮ್ಮ ಕರಾವಳಿಯವರು ಕಾಂಡ್ಲಾ ಎಂದು ಕರೆಯುವ ಬಗೆಯ ಮರಗಳಿಂದ ಕೂಡಿದ ಆರು ಪುಟ್ಟ ದ್ವೀಪಗಳನ್ನು ಆರಿಸಿಕೊಂಡು, ಡೇನಿಯಲ್ ಸಿಂಬರ್ಲಾಫ್ ಮತ್ತು ವಿಲ್ಸನ್ ಅವರು ಪ್ರತಿಯೊಂದರ ಕೀಟಜೇಡಗಳನ್ನೂ ಎಣಿಸಿ, ಬಳಿಕ ಅವುಗಳಿಗೆ ಗುಡಾರ ಹೊದಿಸಿ ವಿಷಧೂಮದಿಂದ ಬರಿದುಗೊಳಿಸಿದರು. ಹೆಚ್ಚುಕಡಮೆ ಒಂದು ವರ್ಷದೊಳಗೆ ಬಹುತೇಕ ದ್ವೀಪಗಳ ಪ್ರಭೇದಸಂಖ್ಯೆಯು ಮೊದಲಿನ ಮಟ್ಟಕ್ಕೆ ಬಂದಿತು. ಆದರೆ ಹಾಗೆ ಬಂದು ಸೇರಿದ ಪ್ರಭೇದಗಳು ಹಿಂದಿನವೇ ಆಗಿರಲಿಲ್ಲ. ಸಿದ್ಧಾಂತವು ಎಷ್ಟೆಂಬುದನ್ನು ಹೇಳಬಲ್ಲದಾಗಿತ್ತು, ಯಾವುವೆಂಬುದನ್ನು ಹೇಳಲಾರದಾಗಿತ್ತು. ಸಂಖ್ಯೆಯ ಗಣಿತವು ಎಷ್ಟೇ ಸುಂದರವಾಗಿದ್ದರೂ ಬಂದವುಗಳು ಹೇಗೆ ಬಾಳುವುವೆಂಬುದು ಅದರ ವ್ಯಾಪ್ತಿಯಿಂದ ಹೊರಗೆ ಉಳಿಯಿತು. ಅದಕ್ಕಾಗಿ ನೆಲೆಯ ವಿಚಾರಕ್ಕೆ ಮರಳಬೇಕಾಯಿತು.

ತೆರವಾದ ನೆಲೆಗಳು

ಪ್ರಭೇದಗಳು ಕಡಮೆಯಾದ ದ್ವೀಪದಲ್ಲಿ ಒಟ್ಟು ಪ್ರಾಣಿಗಳೂ ಕಡಮೆಯಾಗಬೇಕೆಂದು ಮೇಲುನೋಟಕ್ಕೆ ತೋರುವುದು. ಬರ್ಮುಡ ದ್ವೀಪದ ಹಕ್ಕಿಗಳನ್ನು ಅಮೆರಿಕದ ಮುಖ್ಯಭೂಮಿಯ ಹಕ್ಕಿಗಳೊಂದಿಗೆ ಹೋಲಿಸಿ ಕೆನೆತ್ ಕ್ರೊವೆಲ್ ಅವರು 1962ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಊಹೆಯನ್ನು ತಲೆಕೆಳಗು ಮಾಡಿತು: ದ್ವೀಪದಲ್ಲಿದ್ದ ಕೆಲವೇ ಪ್ರಭೇದಗಳು ಮುಖ್ಯಭೂಮಿಯಲ್ಲಿ ಅವುಗಳಿಗೆ ಎಂದೂ ಇಲ್ಲದ ಸಾಂದ್ರತೆಯನ್ನು ತಲಪಿದ್ದುವು. ಇಲ್ಲದವರ ಪಾಲನ್ನು ಇದ್ದವರು ಹಂಚಿಕೊಂಡಿದ್ದರು. 1972ರಲ್ಲಿ ಮೆಕಾರ್ಥರ್, ಡೈಮಂಡ್, ಕಾರ್ ಎಂಬ ಮೂವರು ಇದನ್ನು ಸಾಂದ್ರತೆಯ ಪರಿಹಾರವೆಂಬ ತತ್ತ್ವವಾಗಿ ನಿರೂಪಿಸಿದರು.

ಈ ತತ್ತ್ವಕ್ಕೆ ಭಾರತದ ನೆಲದಲ್ಲಿಯೇ ಉಜ್ಜ್ವಲವಾದ ನಿದರ್ಶನವಿದೆ. ಅಂಡಮಾನ್ ಸಮುದ್ರದಲ್ಲಿ ಏಳು ಚದರ ಕಿಲೋಮೀಟರಿನಷ್ಟು ಮಾತ್ರ ವಿಸ್ತಾರವುಳ್ಳ ನಾರ್ಕೊಂಡಮ್ ಎಂಬ ಜ್ವಾಲಾಮುಖಿ ದ್ವೀಪದಲ್ಲಿ, ಲೋಕದಲ್ಲಿ ಇನ್ನೆಲ್ಲಿಯೂ ಇಲ್ಲದ ಮಂಗಟ್ಟೆ ಹಕ್ಕಿಯೊಂದು ನೆಲೆಸಿದೆ. ಮೈಸೂರಿನಲ್ಲಿ ನೆಲೆಗೊಂಡಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಅಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ಈ ಹಕ್ಕಿಯ ಸಾಂದ್ರತೆಯು ಚದರ ಕಿಲೋಮೀಟರಿಗೆ ಸುಮಾರು 150ರಷ್ಟಿದೆ. ಮುಖ್ಯಭೂಮಿಯ ಕಾಡಿನಲ್ಲಿ ಮಂಗಟ್ಟೆಯು ಹಣ್ಣು ತಿನ್ನುವ ಅನೇಕಾನೇಕ ಹಕ್ಕಿಗಳಲ್ಲಿ ಒಂದು. ನಾರ್ಕೊಂಡಮ್‌ನಲ್ಲಿ ಹಣ್ಣು ತಿನ್ನುವ ಪ್ರಭೇದಗಳು ಕೆಲವೇ ಆಗಿರುವುದರಿಂದ ಬೀಜಪ್ರಸಾರದ ಭಾರವೆಲ್ಲ ಹೆಚ್ಚಾಗಿ ಈ ದೊಡ್ಡ ಹಕ್ಕಿಗಳ ಮೇಲೆಯೇ ಬಿದ್ದಿದೆ. ಹೀಗೆ ಎದುರಾಳಿಗಳ ಅಭಾವವು ಒಂದು ಜೀವಿಯ ಸಂಖ್ಯೆಯನ್ನು ಹೆಚ್ಚಿಸುವುದರ ಜೊತೆಗೆ ಇಡೀ ಕಾಡಿನ ಬಾಳನ್ನು ಆ ಒಂದು ಜೀವಿಯ ಬಾಳಿಗೆ ಕಟ್ಟಿಹಾಕುತ್ತದೆ.

ಸಾಂದ್ರತೆಯು ಏರಿದಾಗ ನಡವಳಿಕೆಯೂ ಬದಲಾಗುತ್ತದೆ. ದ್ವೀಪಗಳ ಇಲಿಜಾತಿಯ ಪ್ರಾಣಿಗಳನ್ನು ಕುರಿತ ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿ ಆಡ್ಲರ್ ಮತ್ತು ಲೆವಿನ್ಸ್ ಅವರು 1994ರಲ್ಲಿ ತೋರಿಸಿದಂತೆ, ದ್ವೀಪವಾಸಿ ಇಲಿಗಳು ದಟ್ಟವಾಗಿ ನೆಲೆಸುತ್ತವೆ, ಮೈಯಲ್ಲಿ ಬಲಿಯುತ್ತವೆ, ಮರಿಗಳನ್ನು ಕಡಮೆ ಹಾಕುತ್ತವೆ, ಪರಸ್ಪರ ಕಾದಾಟವನ್ನೂ ತಗ್ಗಿಸುತ್ತವೆ. ಹೊಸದಾಗಿ ನೆಲೆಯರಸಿ ಹೊರಟುಹೋಗುವುದಕ್ಕೆ ಅಲ್ಲಿ ಸ್ಥಳವಿಲ್ಲ, ಬೇಟೆಗೆ ಬಲಿಯಾಗುವ ಭಯವೂ ಅಲ್ಪ. ಆದುದರಿಂದ ಬಹುಸಂತಾನಕ್ಕಿಂತ ದೀರ್ಘವಾದ ಆಯುಸ್ಸೇ ಅಲ್ಲಿ ಫಲಕಾರಿಯಾಗುವುದು.

ನೆಲೆಯೇ ಪೂರ್ಣವಾಗಿ ಪಲ್ಲಟಗೊಂಡ ಪ್ರಸಂಗಗಳು ಇನ್ನೂ ಅದ್ಭುತವಾದುವು. ಮನುಷ್ಯನು ಕಾಲಿಡುವ ಮೊದಲು ನ್ಯೂಜಿಲೆಂಡಿನ ನೆಲದ ಸ್ತನಿಗಳೆಂದರೆ ಬಾವಲಿಗಳು ಮಾತ್ರವಾಗಿದ್ದುವು. ಸೊಪ್ಪು ಮೇಯುವ ಜಿಂಕೆಯ ವೃತ್ತಿಯನ್ನು ಅಲ್ಲಿ ಮೋವ ಎಂಬ ರೆಕ್ಕೆಯಿಲ್ಲದ ಮಹಾಪಕ್ಷಿಗಳು ವಹಿಸಿದ್ದುವು, ಇರುಳಿನಲ್ಲಿ ನೆಲವನ್ನು ಮೂಸಿ ಹುಳು ಹುಡುಕುವ ಮೂಗಿಲಿಯ ವೃತ್ತಿಯನ್ನು ಕಿವಿ ಹಕ್ಕಿಯು ವಹಿಸಿತು, ಬಾವಲಿಯೊಂದು ತರಗೆಲೆಯ ಮೇಲೆ ನಾಲ್ಕು ಕಾಲಿನಲ್ಲಿ ಓಡಾಡಿ ಆಹಾರ ಸಂಪಾದಿಸಲು ಕಲಿತಿತು. ಹವಾಯಿಯಲ್ಲಿ, ಲೋಕದ ಬೇರೆಡೆಗಳಲ್ಲಿ ಎಲೆಹೂಗಳನ್ನು ಮೇದು ಬದುಕುವ ಪತಂಗಕುಲವೊಂದರ ಮರಿಹುಳುಗಳು ಕಡ್ಡಿಯಂತೆ ನಿಶ್ಚಲವಾಗಿ ನಿಂತು, ಮೈಗೆ ತಾಗಿದ ನೊಣವನ್ನು ಥಟ್ಟನೆ ಹಿಡಿದು ತಿನ್ನುವ ಬೇಟೆಗಾರರಾಗಿವೆ. ಗಲಾಪಗಸ್‌ನಲ್ಲಿ ಮರಕುಟಿಗವಿಲ್ಲ, ಫಿಂಚ್ ಒಂದು ಕಳ್ಳಿಯ ಮುಳ್ಳನ್ನು ಕೊಕ್ಕಿನಲ್ಲಿ ಹಿಡಿದು ತೊಗಟೆಯೊಳಗಿನ ಹುಳುವನ್ನು ಮೀಟಿ ತೆಗೆಯುತ್ತದೆ. ಈ ಒಂದೊಂದು ವೃತ್ತಿಯೂ ಅಲ್ಲಿಗೆ ಬಾರದೆ ಉಳಿದ ಒಂದೊಂದು ಪ್ರಾಣಿಯ ಗುರುತನ್ನು ಹೊತ್ತಿದೆ.

ಗಾತ್ರದ ವಿಚಾರ

ದ್ವೀಪದ ಪ್ರಭಾವವು ಎಲ್ಲಕ್ಕಿಂತ ಪ್ರತ್ಯಕ್ಷವಾಗಿ ತೋರುವುದು ದೇಹದ ಗಾತ್ರದಲ್ಲಿ. ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆಗಳ ಶೋಧದಿಂದ ಭಾರತದಲ್ಲಿ ಕೀರ್ತಿ ಗಳಿಸಿದ್ದ ಹ್ಯೂ ಫಾಲ್ಕನರನು ತನ್ನ ಕೊನೆಯ ವರ್ಷಗಳಲ್ಲಿ ಮಾಲ್ಟಾ ದ್ವೀಪದ ಕುಬ್ಜ ಆನೆಗಳ ಮೂಳೆಗಳನ್ನು ಪರಿಶೀಲಿಸಿದನು. ಸಿಸಿಲಿ ಮಾಲ್ಟಾಗಳಲ್ಲಿದ್ದು, ಭುಜದ ಬಳಿ ಒಂದು ಮೀಟರಿನಷ್ಟೇ ಎತ್ತರವಿದ್ದ ಆನೆಯ ಪ್ರಭೇದವೊಂದಕ್ಕೆ ಅವನ ಹೆಸರನ್ನೇ ಇಡಲಾಗಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಡೊರೊಥಿಯ ಬೇಟ್ ಎಂಬ ಧೀಮಂತ ಮಹಿಳೆಯು ಸೈಪ್ರಸ್ಸಿನ ಗುಹೆಗಳಿಂದ ಕುಬ್ಜ ಆನೆ ಕುಬ್ಜ ನೀರಾನೆಗಳ ಅಸ್ಥಿಗಳನ್ನು ಅಗೆದು ತೆಗೆದರು. 1964ರಲ್ಲಿ ಬ್ರಿಸ್ಟಲ್ ಫಾಸ್ಟರ್ ಅವರು ದ್ವೀಪಗಳ ಸ್ತನಿಗಳನ್ನು ಒಟ್ಟಾಗಿ ಹೋಲಿಸಿ, ಇಲಿಜಾತಿಯವು ಹಿಗ್ಗುವ, ದೊಡ್ಡ ಮೇಯುವ ಪ್ರಾಣಿಗಳೂ ಮಾಂಸಾಹಾರಿಗಳೂ ಕುಗ್ಗುವ ಪ್ರವೃತ್ತಿಯನ್ನು ಗುರುತಿಸಿದರು. 1973ರಲ್ಲಿ ವಾನ್ ವಾಲೆನ್ ಅವರು ಇದನ್ನು ದ್ವೀಪನಿಯಮವೆಂದು ಕರೆದರು. ಬೇಟೆಗಾರರ ಅಭಾವದಲ್ಲಿ ಆನೆಗೆ ದೊಡ್ಡ ಮೈಯ ರಕ್ಷಣೆ ಬೇಕಿಲ್ಲ, ಇಲಿಗೆ ಬಿಲದಲ್ಲಿ ಅಡಗುವ ಸಣ್ಣ ಮೈ ಬೇಕಿಲ್ಲ. ಮೇವಿನ ಮಿತಿಯು ಮೊದಲನೆಯದನ್ನು ಇಳಿಸುತ್ತದೆ, ತನ್ನವರೊಡನೆಯೇ ನಡೆಯುವ ಪೈಪೋಟಿಯು ಎರಡನೆಯದನ್ನು ಏರಿಸುತ್ತದೆ ಎಂಬುದು ಇದರ ಸಾಮಾನ್ಯ ವಿವರಣೆ. ಈ ಬದಲಾವಣೆ ಎಷ್ಟು ಶೀಘ್ರವಾಗಬಹುದೆಂಬುದಕ್ಕೆ ಏಡ್ರಿಯನ್ ಲಿಸ್ಟರ್ ಅವರು 1989ರಲ್ಲಿ ವರದಿಮಾಡಿದ ಜರ್ಸಿ ದ್ವೀಪದ ಕೆಂಪುಜಿಂಕೆಗಳು ಸಾಕ್ಷಿ. ಹಿಂದಿನ ಅಂತರ್ಹಿಮಯುಗದಲ್ಲಿ ಅವು ಆರು ಸಾವಿರ ವರ್ಷಗಳೊಳಗೆ ತಮ್ಮ ಪೂರ್ವಜರ ತೂಕದ ಆರನೆಯ ಒಂದು ಭಾಗಕ್ಕೆ ಇಳಿದುಹೋಗಿದ್ದುವು.

ಆದರೆ ಯೋಗ್ಯತೆಯ ನಿಬಂಧನೆಯನ್ನು ಮರೆತ ವಾದಕ್ಕೆ ಒದಗುವ ಗತಿಯನ್ನೂ ಇಲ್ಲಿಯೇ ಕಾಣಬಹುದು. 1912ರಲ್ಲಿ ಲೋಕಕ್ಕೆ ಪರಿಚಿತವಾದ ಕೊಮೊಡೊ ದ್ವೀಪದ ಮಹಾ ಉಡವು, ಹುಲಿಯಂತಹ ಬೇಟೆಗಾರರಿಲ್ಲದುದರಿಂದಲೇ ಆ ದ್ವೀಪದಲ್ಲಿ ದೈತ್ಯವಾಗಿ ಬೆಳೆದುದೆಂದು ಬಹುಕಾಲ ನಂಬಲಾಗಿತ್ತು. ಅದೇ ಪ್ರಭೇದದ ಪಳೆಯುಳಿಕೆಗಳು ಆಸ್ಟ್ರೇಲಿಯದಲ್ಲಿಯೇ 38 ಲಕ್ಷ ವರ್ಷಗಳಷ್ಟು ಹಿಂದಿನಿಂದಲೂ ದೊರೆತು, ಅದು ಅಲ್ಲಿಯೇ ಈ ಗಾತ್ರವನ್ನು ಪಡೆದಿತ್ತೆಂಬುದನ್ನು ಹಾಕ್ನಲ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಉಡವನ್ನು ದೊಡ್ಡದು ಮಾಡಿದುದು ದ್ವೀಪವಲ್ಲ. ಬೇರೆಡೆ ಅಳಿದುಹೋದ ದೊಡ್ಡ ಉಡವನ್ನು ದ್ವೀಪವು ಉಳಿಸಿಕೊಂಡಿತು. ಮುಖ್ಯಭೂಮಿಯ ಪೂರ್ವಚರಿತ್ರೆಯನ್ನು ಶೋಧಿಸದೆ ದ್ವೀಪದ ವೈಚಿತ್ರ್ಯಕ್ಕೆ ಕಾರಣ ಹೇಳಹೊರಟರೆ ಸ್ಥಿತಿಯನ್ನು ಸೃಷ್ಟಿಯೆಂದು ಭ್ರಮಿಸುವ ಅಪಾಯವುಂಟು.

ಕಣ್ಣೆದುರಿನ ಸಾಕ್ಷ್ಯ

ಲ್ಯಾಕ್ ಅವರ ನಿರ್ಣಯಕ್ಕೂ ಇಂತಹ ಆಕ್ಷೇಪ ಬಾರದೆ ಹೋಗಲಿಲ್ಲ. ಡಾಫ್ನಿಯ ಕೊಕ್ಕು ಕಿರಿದಾದುದು ಎದುರಾಳಿಯ ಅಭಾವದಿಂದಲೋ, ಆ ದ್ವೀಪದ ಕಾಳುಗಳ ಬಗೆಯಿಂದಲೋ, ಕೇವಲ ಆಕಸ್ಮಿಕವೋ ಎಂದು ಸಿಂಬರ್ಲಾಫ್ ಮೊದಲಾದವರು ಪ್ರಶ್ನಿಸಿದರು. ಉತ್ತರವನ್ನು ಕೊಡಬಲ್ಲ ವೀಕ್ಷಣೆಯು ಆ ವೇಳೆಗಾಗಲೇ ಆರಂಭವಾಗಿತ್ತು. ಮೂವತ್ತನಾಲ್ಕು ಹೆಕ್ಟೇರಿನಷ್ಟು ಮಾತ್ರ ವಿಸ್ತಾರವಾದ ಡಾಫ್ನಿ ಮೇಜರ್ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮೆರಿ ಗ್ರಾಂಟ್ ದಂಪತಿಗಳು 1973ರಿಂದ ಮೊದಲ್ಗೊಂಡು ನಾಲ್ಕು ದಶಕಗಳ ಕಾಲ ಫಿಂಚ್ ಹಕ್ಕಿಗಳಿಗೆ ಉಂಗುರ ತೊಡಿಸಿ, ಕೊಕ್ಕನ್ನಳೆದು, ವಂಶಾವಳಿಯನ್ನು ಬರೆದಿಟ್ಟರು.

1977ರಲ್ಲಿ ಮಳೆ ಬಾರದೆ ಹೋಯಿತು. ಮೃದುವಾದ ಸಣ್ಣ ಕಾಳುಗಳು ಬೇಗ ತೀರಿ, ನಮ್ಮ ಹೊಲಗಳ ನೆಗ್ಗಿಲಿನ ಕುಲಕ್ಕೇ ಸೇರಿದ ಗಿಡವೊಂದರ ಗಟ್ಟಿಯಾದ ಮುಳ್ಳುಕಾಯಿಗಳು ಉಳಿದುವು. ಅವುಗಳನ್ನು ಒಡೆಯಬಲ್ಲ ದಪ್ಪ ಕೊಕ್ಕಿನ ಮಧ್ಯಮ ಫಿಂಚ್‌ಗಳು ಬದುಕಿದುವು, ಸಣ್ಣ ಕೊಕ್ಕಿನವು ಸತ್ತುವು. ಮರುಪೀಳಿಗೆಯ ಕೊಕ್ಕು ಹಿರಿದಾಯಿತು. 1982ರಲ್ಲಿ ಇನ್ನೂ ದೊಡ್ಡ ಕೊಕ್ಕಿನ ಮಹಾಫಿಂಚ್ ಎಂಬ ಬೇರೊಂದು ಪ್ರಭೇದವು ಡಾಫ್ನಿಗೆ ಬಂದು ಮರಿಮಾಡಿ ನೆಲೆಸಿತು. 2003, 2004ರಲ್ಲಿ ಮತ್ತೆ ಬರಗಾಲ ಬಂದಾಗ, ನೆಗ್ಗಿಲ ಕಾಯಿಗಳನ್ನೆಲ್ಲ ಮಹಾಫಿಂಚ್‌ಗಳು ಮೊದಲೇ ತಿಂದು ಮುಗಿಸಿದ್ದುವು. ಈ ಸಲ ಸತ್ತವು ಮಧ್ಯಮ ಫಿಂಚ್‌ಗಳಲ್ಲಿ ದಪ್ಪ ಕೊಕ್ಕಿನವು, ಬದುಕಿದವು ಸಣ್ಣ ಕೊಕ್ಕಿನವು. ಗ್ರಾಂಟ್ ದಂಪತಿಗಳು ಇದನ್ನು 2006ರಲ್ಲಿ ಪ್ರಕಟಿಸಿದರು.

ಈ ಎರಡು ಬರಗಳ ಹೋಲಿಕೆಯು ಇಡೀ ಶಾಸ್ತ್ರದ ಇತಿಹಾಸದಲ್ಲಿ ಅತ್ಯಂತ ಬೆಲೆಯುಳ್ಳ ಸಾಕ್ಷ್ಯವೆಂದು ನನ್ನ ದೃಢವಾದ ಅಭಿಪ್ರಾಯ. ದ್ವೀಪ ಅದೇ, ಹಕ್ಕಿ ಅದೇ, ಕಾಯಿ ಅದೇ, ಬರವೂ ಅದೇ ಬಗೆಯದು. ಮೊದಲ ಬರದಲ್ಲಿ ಅಭಾವರೂಪದಲ್ಲಿದ್ದ ನೆರೆಯವನು ಎರಡನೆಯ ಬರದಲ್ಲಿ ಭಾವರೂಪಕ್ಕೆ ಬಂದಿದ್ದನು. ಅಷ್ಟರಿಂದಲೇ ಫಲವು ತಿರುವುಮುರುವಾಯಿತು. ಇಲ್ಲದಿರುವಿಕೆಯು ಕಾರಣವಾಗಬಲ್ಲದೆಂಬುದಕ್ಕೆ ಅನ್ವಯವ್ಯತಿರೇಕಗಳೆರಡೂ ಒಂದೇ ಸ್ಥಳದಲ್ಲಿ, ಒಂದೇ ವೀಕ್ಷಕರ ಕಣ್ಣೆದುರಿನಲ್ಲಿ ದೊರೆತುದು ಇನ್ನೆಲ್ಲಿಯೂ ನನಗೆ ತಿಳಿಯದು.

ಉಪಸಂಹಾರ

ದ್ವೀಪವೆಂಬ ಭಾವನೆಯು ಕಾಲಕ್ರಮದಲ್ಲಿ ಕಡಲನ್ನೂ ದಾಟಿ ನಡೆದಿದೆ. 1971ರಲ್ಲಿ ಜೇಮ್ಸ್ ಬ್ರೌನ್ ಅವರು ಅಮೆರಿಕದ ಮರುಭೂಮಿಯ ನಡುವಣ ಪರ್ವತಶಿಖರಗಳ ಸ್ತನಿಗಳನ್ನು ದ್ವೀಪವಾಸಿಗಳಾಗಿ ಪರಿಗಣಿಸಿ ಅಭ್ಯಸಿಸಿದರು. ನಮ್ಮ ಪಶ್ಚಿಮಘಟ್ಟದ ಶಿಖರಗಳಲ್ಲಿರುವ ಶೋಲಾ ಕಾಡುಗಳೂ ಇಂತಹವೇ: ಬಾಬಾಬುಡನ್‌ಗಿರಿಯ ಶೋಲಾದಲ್ಲಿರುವ ನೀಲಿ ರಾಬಿನ್ ಹಕ್ಕಿಯು ನೀಲಗಿರಿಯ ಹಕ್ಕಿಯ ಪ್ರಭೇದವೇ, ಪಾಲಕ್ಕಾಡಿನ ಕಣಿವೆಯನ್ನು ದಾಟಿ ದಕ್ಷಿಣಕ್ಕೆ ಹೋದರೆ ಅದರ ಸ್ಥಾನದಲ್ಲಿ ಬೇರೊಂದು ಪ್ರಭೇದವು ಕಾಣುತ್ತದೆ. ತಗ್ಗಿನ ಬಿಸಿಲ ನೆಲವೇ ಈ ಹಕ್ಕಿಗಳಿಗೆ ಸಮುದ್ರವಾಗಿದೆ.

ಅಭಾವವು ಕಟ್ಟಿದ ಬಾಳು, ಆ ಅಭಾವವು ತುಂಬಿದೊಡನೆ ಕುಸಿಯುವುದೂ ಸಹಜ. ಮಾರಿಷಸ್‌ನ ಡೋಡೊ ಪಾರಿವಾಳದ ವಂಶದ್ದು; ಅದರ ಅತಿ ಸಮೀಪದ ಜೀವಂತ ಬಂಧು ನಮ್ಮ ನಿಕೋಬಾರಿನ ಪಾರಿವಾಳವೆಂದು 2002ರಲ್ಲಿ ಪ್ರಕಟವಾದ ಆನುವಂಶಿಕ ಪರೀಕ್ಷೆಯು ತಿಳಿಸಿತು. ಬೇಟೆಗಾರ ಮೃಗಗಳಿಲ್ಲದ ನೆಲದಲ್ಲಿ ಹಾರಾಟವನ್ನೂ ಭಯವನ್ನೂ ತೊರೆದ ಆ ಹಕ್ಕಿಯನ್ನು ಸೂರತ್ತಿನಲ್ಲಿ ಪೀಟರ್ ಮಂಡಿಯೆಂಬ ಯಾತ್ರಿಕನು ಹದಿನೇಳನೆಯ ಶತಮಾನದಲ್ಲಿ ಕಂಡಿದ್ದನು. ಮೊಗಲ್ ಆಸ್ಥಾನದ ಉಸ್ತಾದ್ ಮನ್ಸೂರನದೆಂದು ಹೇಳಲಾಗುವ ಚಿತ್ರವೊಂದರಲ್ಲಿಯೂ ಅದರ ರೂಪವು ಉಳಿದಿದೆ. ಡಚ್ಚರು 1598ರಲ್ಲಿ ಆ ದ್ವೀಪಕ್ಕೆ ಬಂದ ಒಂದು ಶತಮಾನದೊಳಗೆ ಮನುಷ್ಯರ ಕೈಗೂ, ಅವರ ಹಡಗುಗಳೊಡನೆ ಬಂದ ಇಲಿ ಹಂದಿ ಕೋತಿಗಳ ಬಾಯಿಗೂ ಸಿಕ್ಕಿ ಅದರ ವಂಶ ನಿರ್ಮೂಲವಾಯಿತು. ಎರಡನೆಯ ಮಹಾಯುದ್ಧದ ಬಳಿಕ ಗ್ವಾಮ್ ದ್ವೀಪಕ್ಕೆ ಸರಕಿನೊಡನೆ ಹರಿದುಬಂದ ಕಂದು ಮರಹಾವು ಅಲ್ಲಿನ ಕಾಡುಹಕ್ಕಿಗಳಲ್ಲಿ ಬಹುಪಾಲನ್ನು ಇಲ್ಲವಾಗಿಸಿದುದನ್ನು ಜೂಲಿ ಸ್ಯಾವಿಜ್ ಅವರು 1987ರಲ್ಲಿ ಸಾಧಿಸಿ ತೋರಿಸಿದರು.

ಈ ಇತಿಹಾಸದಿಂದ ಎರಡು ಕರ್ತವ್ಯಗಳು ಫಲಿಸುವುವು. ದ್ವೀಪದ ಜೀವಸಂಪತ್ತನ್ನು ದಾಖಲಿಸುವವರು ಅಲ್ಲಿರುವ ಪ್ರಾಣಿಗಳ ಪಟ್ಟಿಯೊಡನೆ, ಇರಬಹುದಾಗಿದ್ದೂ ಇಲ್ಲದ ಪ್ರಾಣಿಗಳ ಪಟ್ಟಿಯನ್ನೂ ಸಿದ್ಧಪಡಿಸಬೇಕು; ಏಕೆಂದರೆ ಮೊದಲನೆಯ ಪಟ್ಟಿಯ ಅರ್ಥವು ಎರಡನೆಯದರಲ್ಲಿದೆ. ದ್ವೀಪಗಳನ್ನು ಕಾಪಾಡುವ ಹೊಣೆ ಹೊತ್ತವರು ಕಾಡನ್ನು ಕಾಯುವಷ್ಟೇ ಶ್ರದ್ಧೆಯಿಂದ ಬಂದರನ್ನೂ ಕಾಯಬೇಕು. ನಾರ್ಕೊಂಡಮ್‌ನಂತಹ ಪುಟ್ಟ ದ್ವೀಪಕ್ಕೆ ದೋಣಿಯ ಅಕ್ಕಿಮೂಟೆಯೊಡನೆ ಇಳಿಯುವ ಬಸುರಿ ಇಲಿಯೊಂದು, ಅಥವಾ ಸಾಕಲೆಂದು ತಂದ ಬೆಕ್ಕೊಂದು, ಕೊಡಲಿಯು ಮಾಡಲಾರದ ಹಾನಿಯನ್ನು ಮಾಡಬಲ್ಲದು. ಕಡಿದ ಮರ ಮತ್ತೆ ಚಿಗುರಬಹುದು. ಲಕ್ಷಾಂತರ ವರ್ಷಗಳ ಕಾಲ ಒಂದು ಎದುರಾಳಿಯ ಅಭಾವವನ್ನು ನಂಬಿ ರೂಪುಗೊಂಡ ಜೀವಿಗೆ, ಆ ಎದುರಾಳಿ ಒಮ್ಮೆ ಬಂದು ನೆಲೆಸಿದ ಮೇಲೆ, ಹೊಸ ಬಾಳನ್ನು ಕಲಿಯಲು ಬೇಕಾದ ಕಾಲವನ್ನು ನಾವು ಕೊಡಲಾರೆವು. ಆದುದರಿಂದ ಬರಗೊಡದಿರುವುದೇ ನಮ್ಮ ಕೈಯಲ್ಲಿರುವ ನಿಜವಾದ ರಕ್ಷಣೆ.